ಕಂಪೌಂಡರ ಬಾರಿಗಿಡ

ಸೊಲ್ಲಾಪುರದಿಂದ ಆ ಕಾರ್ಡು ಬಂದಾಗ ಸಂಕ್ರಮಣಕ್ಕೆ ಇನ್ನು ಮೂರು ದಿನವಿತ್ತು. ಟಪಾಲಿನವನು ಅದನ್ನು ನನ್ನ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಹೊರಟುಹೋದ. ಮೂಲೆ ಹರಿದಿತ್ತು. ಸಾವಿನ ಸುದ್ದಿಯ ಕಾಗದವನ್ನು ಬಾಗಿಲ ಹೊರಗೇ ಓದಿ ಹರಿದುಹಾಕಬೇಕು, ಹೊಸ್ತಿಲು ದಾಟಿಸಬಾರದು. ನಿಂತಲ್ಲೇ ಓದಿದೆ. ಕಂಪೌಂಡರ ಹೆಂಡತಿ ಯಾರ ಕೈಯಿಂದಲೋ ಬರೆಸಿದ ಎರಡು ಸಾಲು: 'ನಮ್ಮವರು ಹ್ವಾದ ಬುಧವಾರ ತೀರಿಕೊಂಡರು. ಗಿಡ ಹೆಂಗ ಅದಾವ ಒಮ್ಮೆ ನೋಡಿ ಬರ್ರಿ.'

ಹರಿಯಲು ಕೈ ಬರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟೆ. ಅತ್ತೆ ಬದುಕಿದ್ದರೆ ಮನೆ ಎದ್ದು ಕೂಡುವ ಹಾಗೆ ರಂಪ ಮಾಡುತ್ತಿದ್ದರು.

ತೀರಿಕೊಂಡವರು ತಿಕೋಟಾದ ಸರಕಾರಿ ದವಾಖಾನೆಯಲ್ಲಿ ಕಂಪೌಂಡರಾಗಿದ್ದವರು. ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎದುರಿಗೆ 'ಸಾಹೇಬರು', ಬೆನ್ನ ಹಿಂದೆ 'ಬಾರಿಗಿಡದ ಹುಚ್ಚ'. ಎರಡನ್ನೂ ಅಂದವಳು ನಾನು. ಅದಕ್ಕಿಂತ ಕೆಟ್ಟದ್ದನ್ನೂ ಅಂದಿದ್ದೇನೆ, ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಎರಡು ವರ್ಷವಾಗಿತ್ತು. ನನಗೆ ತಿಕೋಟಾದ ಹೆಣ್ಣುಮಕ್ಕಳ ಶಾಲೆಗೆ ಹುಕುಂ ಬಂತು. ಯಜಮಾನರದು ವಿಜಯಪುರದಲ್ಲಿ, ಆಗ ನಮ್ಮೆಲ್ಲರ ಬಾಯಲ್ಲಿ ಬಿಜಾಪುರ, ಗುಮಾಸ್ತಿಕೆ. ಶನಿವಾರ ಬಸ್ಸಿಗೆ ಬಂದು ಸೋಮವಾರ ಬಸ್ಸಿಗೆ ಹೋಗುವವರು. ನಾನು ಮತ್ತು ಅತ್ತೆ ಒಂದು ಹಳೆಯ ಮನೆಯ ಅರ್ಧ ಭಾಗ ಬಾಡಿಗೆ ಹಿಡಿದೆವು. ಇನ್ನರ್ಧದಲ್ಲಿ ಕಂಪೌಂಡರು, ಅವರ ಹೆಂಡತಿ. ನಡುವೆ ಆಳೆತ್ತರದ ಮಣ್ಣಿನ ಗೋಡೆ, ಹಿಂದೆ ಇಬ್ಬರಿಗೂ ಸೇರಿದ ಹಿತ್ತಲು. ಹಿತ್ತಲಲ್ಲಿ ಐದು ಬಾರಿಗಿಡ. ಮೈಸೂರು ಕಡೆಯವರು ಎಲಚಿ ಎನ್ನುತ್ತಾರಲ್ಲ, ಅದೇ.

ಮನುಷ್ಯ ಉದ್ದ, ತೆಳ್ಳಗೆ. ಧೋತರ, ಮೊಣಕಾಲಿಗೆ ಬರುವ ಕೋಟು, ಕರಿ ಟೊಪ್ಪಿಗೆ. ಕೈಗೆ ಯಾವಾಗಲೂ ಟಿಂಚರಿನ ವಾಸನೆ. ಮಾತು ಕಡಿಮೆ, ಆಡಿದರೆ ಮುಖಕ್ಕೆ ಹೊಡೆದ ಹಾಗೆ. ಬಿಜ್ಜರಗಿ, ಕಳ್ಳಕವಟಗಿ ಕಡೆಯಿಂದ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ನಡೆದು ಬರುತ್ತಿದ್ದರು. ಸೂಜಿ ಕಂಡರೆ ಕೂಸು ಚೀರುತ್ತಿತ್ತು, ತಾಯಿ ಕೂಸಿನ ಬಾಯಿ ಮುಚ್ಚಲು ಹೋಗುತ್ತಿದ್ದಳು. ಆಗ ಕಂಪೌಂಡರು ಸಿಟ್ಟಿಗೇಳುತ್ತಿದ್ದರು.

"ಏ, ಕೈ ತಗೀಬೇ! ಅಳ್ಳಿ ಬಿಡು. ಅಳೂ ಕೂಸಿಗೆ ಯಾಕ ಅಂಜತಿ? ಅಳೂ ಕೂಸಿನ ಗಂಟಲಾ ತೆರದಿರತೈತಿ. ಸುಮ್ಮನಾದ ಕೂಸಿಗೆ ಅಂಜು."

ಕಲ್ಲೆದೆಯವನು ಎಂದು ಹೆಂಗಸರು ಶಾಪ ಹಾಕುತ್ತಿದ್ದರು. ನಾನೂ ಹಾಗೇ ತಿಳಿದೆ. ನನ್ನ ಶಾಲೆಯ ಹುಡುಗಿಯರು ಅವರಂತೆ ಹುಬ್ಬು ಗಂಟಿಕ್ಕಿ, "ಸುಮ್ಮನಾದ ಕೂಸಿಗೆ ಅಂಜು" ಎಂದು ಆಡಿಕೊಳ್ಳುತ್ತಿದ್ದರು. ನಗಬಾರದೆಂದರೂ ನಗುತ್ತಿದ್ದೆ.

ಮನುಷ್ಯರ ಜೊತೆ ಇಷ್ಟು ಒರಟಾದವರು ಗಿಡದ ಜೊತೆ ಮಾತ್ರ ಹೆರಿಗೆಯಾದ ಮನೆಯಲ್ಲಿ ನಡೆದಾಡುವ ಹಾಗೆ ನಡೆದಾಡುತ್ತಿದ್ದರು. ಬಾರಿಗಿಡ ಯಾರೂ ಬೆಳೆಸುವ ಗಿಡವಲ್ಲ ನಮ್ಮಲ್ಲಿ. ಬೇಲಿಯಲ್ಲಿ ತಾನೇ ಹುಟ್ಟುತ್ತದೆ, ಆಡು ತಿನ್ನುತ್ತವೆ, ಗೋಲಿಗಿಂತ ಸಣ್ಣ ಹಣ್ಣನ್ನು ಹುಡುಗರು ಕಲ್ಲು ಹೊಡೆದು ಉದುರಿಸುತ್ತಾರೆ. ಆದರೆ ಇವರು ಎಲೆ ಉದುರಿದ ಬೇಸಿಗೆಯಲ್ಲಿ ಇಂಥ ಜವಾರಿ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದುಬಿಡುತ್ತಿದ್ದರು. ಮೋಟಿನಿಂದ ಹೊಸ ಚಿಗುರು ಎದ್ದು ಬೆರಳು ದಪ್ಪವಾಗುವ ಹೊತ್ತಿಗೆ ಜೂನಿನ ಮಿರಗದ ಮಳೆ ಹಿಡಿಯುತ್ತಿತ್ತು. ಆಗ ಬಿಜಾಪುರದ ಒಂದು ತೋಟದಿಂದ ನಿಂಬೆಹಣ್ಣಿನ ಗಾತ್ರದ ಬಾರಿಹಣ್ಣು ಬಿಡುವ ಗಿಡದ ಕಡ್ಡಿ ತರುತ್ತಿದ್ದರು. ಆ ಕಡ್ಡಿಯಿಂದ ಒಂದು ಕಣ್ಣನ್ನು, ಎಂದರೆ ಚಿಗುರು ಒಡೆಯುವ ಮೊಗ್ಗನ್ನು, ಸಿಪ್ಪೆ ಸಮೇತ ಬ್ಲೇಡಿನಿಂದ ಬಿಡಿಸಿ ಜವಾರಿ ಚಿಗುರಿಗೆ ಕೂಡಿಸಿ ದವಾಖಾನೆಯ ಹಳೆಯ ಬ್ಯಾಂಡೇಜು ಕಟ್ಟುತ್ತಿದ್ದರು. ಆ ಕಣ್ಣು ಹಿಡಿದರೆ ಮುಂದೆ ಅದರದ್ದೇ ರೆಂಬೆ, ಅದರದ್ದೇ ಹಣ್ಣು.

ಕಡ್ಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಚೇಷ್ಟೆ ಮಾಡಿದ, "ಏನ್ ಸಾಹೇಬ್ರ, ಮಲಗೇತೇನ್ರಿ ಕೂಸು?" ಬಸ್ಸಿಗೆ ಬಸ್ಸೇ ನಕ್ಕಿತು. ಕಂಪೌಂಡರು ಗೋಣಿಯ ಮೇಲೆ ಅಂಗೈ ಇಟ್ಟು ತಿಕೋಟಾ ಬರುವ ತನಕ ಕಿಡಕಿಯ ಹೊರಗೆ ನೋಡಿದರು.

ಕಣ್ಣು ಕೂಡಿಸಿದರೆ ಕೆಲಸ ಮುಗಿಯಲಿಲ್ಲ. ಬೇರು ಜವಾರಿಯದು. ಅದು ಸುಮ್ಮನಿರುವುದಿಲ್ಲ, ಕಸಿಯ ಕೆಳಗಿನಿಂದ ತನ್ನದೇ ಚಿಗುರು ನೂಕುತ್ತಲೇ ಇರುತ್ತದೆ. ನಾಲ್ಕು ದಿನ ಮೈಮರೆತರೆ ಆ ಚಿಗುರು ರೆಂಬೆಯಾಗುತ್ತದೆ, ಎರಡು ವರ್ಷ ಬಿಟ್ಟರೆ ಮೇಲಿನ ಒಳ್ಳೆಯ ಗಿಡವನ್ನು ಸೊರಗಿಸಿ ತಾನೇ ಗಿಡವಾಗುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ದವಾಖಾನೆಗೆ ಹೋಗುವ ಮೊದಲು ಐದೂ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಚಿಗುರನ್ನು ಚಿವುಟುತ್ತಿದ್ದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಗಿಡದ ಬುಡದಲ್ಲಿ ಮಾತ್ರ ಹೆಚ್ಚು ಹೊತ್ತು ಕೂಡುತ್ತಿದ್ದರು. ಹಣ್ಣಂತೂ ಆ ಗಿಡದ್ದೇ ರುಚಿ. ಉಪ್ಪು ಖಾರ ಹಚ್ಚಿಕೊಂಡು ನಾನು ಸೆರಗು ತುಂಬ ತಿಂದಿದ್ದೇನೆ. ಅವರು ಬಾಯಿಗೆ ಇಟ್ಟದ್ದು ನೋಡಿಲ್ಲ.

ಊರವರ ಬೇಲಿಯ ಗಿಡಗಳನ್ನೂ ಬಿಡುತ್ತಿರಲಿಲ್ಲ. "ನಿಮ್ಮ ಗಿಡಕ್ಕ ಕಣ್ಣು ಕೂಡಸ್ತೇನಿ, ಕಡೀಲೇನು?" ಎಂದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಕೂಸಿರುವ ಮನೆಗೇ ಮೊದಲು ಹೋಗುತ್ತಾರೆ ಎಂಬುದು ಆಗ ಯಾರ ತಲೆಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ನನಗೆ ಮಗ ಹುಟ್ಟಿದ. ಅಲ್ಲಿಂದ ನನಗೆ ಅವರ ಕಾಟ ಶುರುವಾಯಿತು. ಮಗ ಎಷ್ಟು ಅತ್ತರೂ ಗೋಡೆಯ ಆ ಕಡೆ ಸಪ್ಪಳವಿರುತ್ತಿರಲಿಲ್ಲ. ಅವನು ಅಳು ನಿಲ್ಲಿಸಿ, ನಾನು ಉಸ್ಸಪ್ಪಾ ಎಂದು ಕೂತರೆ ಸಾಕು, ಗೋಡೆಯಾಚೆಯಿಂದ ಧ್ವನಿ ಬರುತ್ತಿತ್ತು.

"ಅಕ್ಕಾರ, ಕೂಸು ಯಾಕ ಸುಮ್ಮನಾತ್ರಿ?"

"ಮಲಗ್ಯಾನ್ರಿ."

"ನೋಡೀರೇನ?"

"ನೋಡೇನ್ರಿ!"

"ಇನ್ನೊಮ್ಮೆ ನೋಡ್ರಿ."

ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಒಳಗಿನಿಂದ ಗೊಣಗುವರು, "ಮಕ್ಕಳಿಲ್ಲದವರ ಕಣ್ಣು ಕೆಟ್ಟದ್ದವಾ. ಕೂಸಿನ್ನ ಗ್ವಾಡಿ ಕಡೆ ಮಲಗಿಸಬ್ಯಾಡ." ಓದಿದವಳು ನಾನು, ಶಾಲೆಯಲ್ಲಿ ಮೂಢನಂಬಿಕೆ ಬೇಡವೆಂದು ಪಾಠ ಹೇಳುವವಳು, ತೊಟ್ಟಿಲನ್ನು ಗೋಡೆಯಿಂದ ದೂರ ಸರಿಸಿದೆ.

ಮಗನಿಗೆ ಎರಡು ವರ್ಷ ತುಂಬಿದ ಸಂಕ್ರಮಣ ಅದು. ನಮ್ಮ ಕಡೆ ಸಂಕ್ರಮಣದ ಮರುದಿನ ಸಣ್ಣ ಮಕ್ಕಳಿಗೆ ಕರಿ ಎರೆಯುತ್ತಾರೆ. ಕೂಸನ್ನು ಮಣೆಯ ಮೇಲೆ ಕೂಡಿಸಿ ಬಾರಿಹಣ್ಣು, ಸುಲಗಾಯಿ ಎನ್ನುವ ಹಸಿಕಡಲೆ, ಕಬ್ಬಿನ ತುಂಡು, ಚುರುಮುರಿ ಎಲ್ಲ ಬೆರೆಸಿ ಸೇರಿನಲ್ಲಿ ತುಂಬಿ ತಲೆಯ ಮೇಲೆ ಸುರಿಯುತ್ತಾರೆ. ಕೂಸಿಗೆ ತಾಗಿದ ದೃಷ್ಟಿಯೆಲ್ಲ ಅದರೊಡನೆ ಇಳಿದು ಹೋಗಲಿ ಎಂದು. ಓಣಿಯ ಹೆಂಗಸರು ಕೂಡಿದ್ದರು. ಮಗ ಅಷ್ಟು ಜನರನ್ನು ನೋಡಿ ಕಿತ್ತುಕೊಂಡು ಅಳುತ್ತಿದ್ದ. ಅತ್ತೆ ಸೇರು ತುಂಬಿ ಎತ್ತಬೇಕು, ಕಂಪೌಂಡರು ಒಳಗೆ ಬಂದರು.

ಗಂಡಸರು ಬರುವ ಜಾಗವಲ್ಲ ಅದು. ಬಂದವರೇ ಕೂತರು, ಹರಿವಾಣವನ್ನು ತಮ್ಮ ಕಡೆ ಎಳೆದುಕೊಂಡರು. ಅದರಲ್ಲಿದ್ದ ಸಣ್ಣ ಸಣ್ಣ ಜವಾರಿ ಬಾರಿಹಣ್ಣುಗಳನ್ನು ಒಂದೊಂದಾಗಿ ಆರಿಸಿ ಕೋಟಿನ ಕಿಸೆಗೆ ಹಾಕಿಕೊಳ್ಳತೊಡಗಿದರು. ಇನ್ನೊಂದು ಕಿಸೆಯಿಂದ ನಿಂಬೆಹಣ್ಣಿನಂಥ ದೊಡ್ಡವನ್ನು ತೆಗೆದು ಹರಿವಾಣಕ್ಕೆ ಹಾಕಿದರು.

"ಯಪ್ಪಾ, ಏನ್ ಮಾಡಾಕತ್ತೀರಿ? ಕೂಸಿನ ತಲಿಮ್ಯಾಲ ಎರಿಯೂದಕ್ಕ ಕೈ ಹಾಕ್ತಾರೇನ್ರಿ?" ಅತ್ತೆ ಸೇರು ಹಿಡಿದೇ ಚೀರಿದರು. ಕರಿ ಎರೆಯುವ ಹರಿವಾಣದಿಂದ ಪರರು ತೆಗೆದರೆ ಕೂಸಿನ ಆಯುಷ್ಯವನ್ನೇ ತೆಗೆದಂತೆ ಎಂಬ ನಂಬಿಕೆ ಅವರದು.

"ಸಣ್ಣವು ಬ್ಯಾಡ್ರಿ," ಎಂದಷ್ಟೇ ಹೇಳಿದರು ಕಂಪೌಂಡರು. ಯಾರೋ ಮಗನ ಬಾಯಿಗೆ ಕೈ ಒತ್ತಿ ಸುಮ್ಮನಾಗಿಸಲು ನೋಡಿದರು. "ಅಳ್ಳಿ ಬಿಡ್ರಿ ಅದನ್ನ!" ಎಂದು ಕಂಪೌಂಡರು ಗದರಿಸಿದರು.

ನನ್ನ ಮಗನ ಕರಿ, ನನ್ನ ಮನೆ, ನಾಲ್ಕು ಮಂದಿಯ ಎದುರು ಈ ಅವಮಾನ. ಎರಡು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ಹಬ್ಬದಲ್ಲಿ ನಾನು ಆಡಿದ ಮಾತು ಇದು:

"ಹೊಟ್ಟೀಲೆ ಹುಟ್ಟಿದ್ದ ಒಂದರ ಕೂಸಿದ್ರ ಗೊತ್ತಾಗತಿತ್ತರಿ ನಿಮಗ!"

ಅವರ ಕೈ ಹರಿವಾಣದಲ್ಲೇ ನಿಂತಿತು. ಬೆರಳ ನಡುವೆ ಒಂದು ಸಣ್ಣ ಹಣ್ಣಿತ್ತು. ತಲೆ ಎತ್ತಲಿಲ್ಲ. ಆ ಹಣ್ಣನ್ನೂ ಕಿಸೆಗೆ ಹಾಕಿಕೊಂಡು ಎದ್ದರು.

"ಖರೆ ಐತ್ರಿ ಅಕ್ಕಾರ," ಎಂದು ಹೊರಟುಹೋದರು.

ಮರುದಿನ ಬೆಳಿಗ್ಗೆ ಅವರು ಹಿತ್ತಲಿಗೆ ಬರಲಿಲ್ಲ. ನಾನು ಬಟ್ಟೆ ಒಗೆಯುತ್ತಿದ್ದಾಗ ಅವರ ಹೆಂಡತಿ ಬಂದು ಕಲ್ಲಿನ ಹತ್ತಿರ ನಿಂತರು. ಆ ತಾಯಿ ಸಂಕ್ರಮಣದ ಅರಿಷಿಣ ಕುಂಕುಮಕ್ಕೆ ಯಾರ ಮನೆಗೂ ಹೋಗುತ್ತಿರಲಿಲ್ಲ. ನನ್ನ ಮೇಲೆ ಜಗಳಕ್ಕೆ ಬಂದಿದ್ದಾರೆ ಎಂದು ಸೆರಗು ಸಿಗಿಸಿ ಸಿದ್ಧಳಾದೆ. ಅವರು ಗಿಡದ ಕಾಂಡದ ಮೇಲೆ ಕೈಯಾಡಿಸುತ್ತ, ನೆರೆಮನೆಯ ಸುದ್ದಿ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

"ನಾವು ಇಲ್ಲಿಗೆ ಬರೂಕಿಂತ ಮೊದಲ ಬಬಲೇಶ್ವರದಾಗ ಇದ್ದಿವ್ರಿ ಅಕ್ಕಾರ. ನನಗ ಒಂದು ಹೆಣ್ಣು ಕೂಸಿತ್ತು. ಎರಡೂವರಿ ವರ್ಸದ್ದು. ನಾನ ಕರಿ ಎರದೆ. ಮೊದಲನೆ ಸೇರಿಗೆ ಅಳತಿತ್ತರಿ. ಬಾಯಿ ತೆರದ ಅಳತಿತ್ತು. ಎರಡನೆ ಸೇರಿಗೆ ಸುಮ್ಮನಾತು. ಎಲ್ಲಾರೂ ಅಂದ್ರು, ಎಂಥ ಶಾಣ್ಯಾ ಕೂಸದ ನೋಡ್ರಿ, ಅಳಾಂಗಿಲ್ಲ ಅಂತ. ನಾ ಹಿಗ್ಗಿನಾಗ ಮೂರನೇದು ಎರದೆ."

ನನ್ನ ಕೈಯ ಬಟ್ಟೆಯಿಂದ ನೀರು ಕಾಲಮೇಲೆ ಸುರಿಯುತ್ತಿತ್ತು.

"ಮಾರಿ ನೀಲಿ ಆತು. ದೃಷ್ಟಿ ತಾಗೇತಿ ಅಂತ ಹಿರ್‍ಯಾರು ಉಪ್ಪು ಮೆಣಸಿನಕಾಯಿ ಇಳಸಾಕ ಹತ್ತಿದ್ರು. ನಾನೂ ಕೈಮುಗದ ಕುಂತೆ. ಇವರು ದವಾಖಾನಿಂದ ಬರೂದರಾಗ ಎಲ್ಲಾ ಮುಗದಿತ್ತು. ಬಾಯಾಗ ಬೆರಳು ಹಾಕಿ ತಗದ್ರು. ಸಣ್ಣ ಬಾರಿಬೀಜರಿ. ಇಷ್ಟ."

ಹೆಬ್ಬೆರಳಿನ ಉಗುರು ತೋರಿಸಿದರು.

"ಮಣ್ಣು ಮಾಡಿ ಬರೂತನಕ ಅದು ಇವರ ಮುಷ್ಟ್ಯಾಗ ಇತ್ತರಿ. ಮನಿಗೆ ಬಂದು ಒಂದು ಡಬ್ಬ್ಯಾಗ ಮಣ್ಣು ಹಾಕಿ ಊರಿದ್ರು. ಯಾಕ ಅಂತ ನಾ ಕೇಳಲಿಲ್ಲ. ಅದು ಹುಟ್ಟಿತು. ಈ ಊರಿಗೆ ಬರೂ ಮುಂದ ಡಬ್ಬಿ ತೊಡಿಮ್ಯಾಲ ಇಟ್ಕೊಂಡ ಬಂದ್ರು. ಅದ ಈ ಗಿಡ. ಇದರ ಹಣ್ಣು ಕೂಸಿನ ಬಾಯಾಗ ಹೋಗಲಾರದಷ್ಟು ದೊಡ್ಡದು ಆಗೂತನಕ ನನಗ ನಿದ್ದಿಲ್ಲ ಅಂದಿದ್ರು. ದೊಡ್ಡದೂ ಆತು. ನಿದ್ದಿ ಮಾತ್ರ ಇನ್ನೂ ಬಂದಿಲ್ಲರಿ."

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಆ ಗಿಡದ ಹಣ್ಣನ್ನು ಎಷ್ಟು ವರ್ಷ ಚಪ್ಪರಿಸಿ ತಿಂದಿದ್ದೆ! ಆಮೇಲೆ ಎಂದೂ ಬಾರಿಹಣ್ಣು ಬಾಯಿಗಿಟ್ಟಿಲ್ಲ. ಬಾರಿಗಿಡ ಹೂ ಬಿಡುವ ದಿನಗಳಲ್ಲಿ ಹಿತ್ತಲಿನ ಕಮಟು ವಾಸನೆ ಒಳಗೆ ಬಂದರೆ ಸಾಕು, ಎದ್ದು ಹೋಗಿ ಮಗನ ಮೂಗಿಗೆ ಬೆರಳು ಹಿಡಿದು ನೋಡುತ್ತಿದ್ದೆ.

ಕ್ಷಮೆ ಕೇಳಲು ಮೂರು ತಿಂಗಳು ಧೈರ್ಯ ಬರಲಿಲ್ಲ. ಬೇಸಿಗೆಯಲ್ಲಿ ಅವರು ಓಣಿಯ ಬೇಲಿಯ ಜವಾರಿ ಗಿಡ ಕಡಿಯಲು ನಿಂತಾಗ ಹೋಗಿ ರೆಂಬೆ ಹಿಡಿದೆ. ಕೇಳದೆ ಕರೆಯದೆ ಹೋದವಳನ್ನು ಒಮ್ಮೆ ನೋಡಿದರು. ಕಿಸೆಯಿಂದ ಹಳೆಯ ಬ್ಯಾಂಡೇಜು ತೆಗೆದು, "ಕೈಗೆ ಸುತ್ತಿಕೊಳ್ರಿ, ಮುಳ್ಳು ಕೆಟ್ಟ ಅದಾವ," ಎಂದರು. ಮಳೆ ಬಿದ್ದ ಮೇಲೆ ಕಣ್ಣು ಕೂಡಿಸುವುದನ್ನೂ ಕಲಿಸಿದರು. ಒಂದು ದಿನ ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದೆ, "ಸಾಹೇಬ್ರ, ಅವತ್ತ ನಾ ಅಂದದ್ದು..."

"ಲಗೂ ಕಟ್ರಿ ಅಕ್ಕಾರ," ಎಂದರು. "ಸಿಪ್ಪಿ ಒಣಗಿದ್ರ ಕಣ್ಣು ಹಿಡಿಯಾಂಗಿಲ್ಲ."

ಅಷ್ಟೇ. ಆ ಮಾತು ಇವತ್ತಿಗೂ ನನ್ನ ಗಂಟಲಲ್ಲೇ ಇದೆ. ನನಗೆ ಕೋಪ ಬರುತ್ತದೆ ಅವರ ಮೇಲೆ. ಕೇಳಿಸಿಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಗೋಡೆಯಾಚೆಯ ಧ್ವನಿ ಮಾತ್ರ ನಿಲ್ಲಲಿಲ್ಲ. ಆ ಜಗಳವಾದ ಮೇಲೆ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಮತ್ತೆ ಬಂತು, "ಕೂಸು ಯಾಕ ಸುಮ್ಮನಾತ್ರಿ?" ಈಗ ನಾನು ಎದ್ದು ಹೋಗಿ ನೋಡಿ ಬಂದು, "ಉಸಿರಾಡಾಕತ್ತಾನ್ರಿ," ಎಂದು ಹೇಳುತ್ತಿದ್ದೆ. "ಛಲೋ ಆತು," ಎನ್ನುತ್ತಿದ್ದರು.

ನಾಲ್ಕು ವರ್ಷದ ಮೇಲೆ ಅವರು ನಿವೃತ್ತರಾಗಿ ಸೊಲ್ಲಾಪುರದ ತಮ್ಮನ ಮನೆಗೆ ಹೊರಟರು. ಸಾಮಾನು ಬಂಡಿಗೆ ಏರಿಸಿದ ಮೇಲೆ ಹಿತ್ತಲಿಗೆ ಹೋಗಿ ಕಲ್ಲಿನ ಹತ್ತಿರದ ಗಿಡದ ಬುಡದಲ್ಲಿ ಕೂತರು. ಹೆಂಡತಿ ಎರಡು ಸಲ ಕರೆದರೂ ಏಳಲಿಲ್ಲ. ಕೊನೆಗೆ ನಾನು ಹೋದೆ.

"ಕೆಳಗಿನ ಚಿಗುರು ಚಿವಟ್ರಿ ಅಕ್ಕಾರ. ದಿನಾ."

"ಚಿವಟ್ತೇನ್ರಿ."

"ದಿನಾ ರಿ."

"ಆಣಿ ಮಾಡ್ಲೇನ್ರಿ?"

"ಬ್ಯಾಡ," ಎಂದು ನನ್ನ ಮಗನ ತಲೆಯ ಮೇಲೆ ಕೈ ಇಟ್ಟು ಬಂಡಿ ಹತ್ತಿದರು.

ಎರಡು ವರ್ಷ ಚಿವುಟಿದೆ. ಆಮೇಲೆ ನನಗೆ ಬಿಜಾಪುರಕ್ಕೆ ಬದಲಿಯಾಯಿತು. ಎಷ್ಟೋ ವರ್ಷ ಬೇಡಿದ ಬದಲಿ ಅದು, ಖುಷಿಯಲ್ಲಿ ಕುಣಿದು ಹೋದೆ. ಮನೆಗೆ ಹೊಸದಾಗಿ ಬಂದವರಿಗೆ ಹೇಳಿದೆ, ಅವರು ಹ್ಞೂಂ ಎಂದರು. ಆ ಹ್ಞೂಂ ಎಂಥದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ಆ ಕಡೆ ತಲೆ ಹಾಕಲಿಲ್ಲ. ಹದಿಮೂರು ಮೈಲಿಯ ದಾರಿ!

ಕಾರ್ಡು ಬಂದು ನಾಲ್ಕನೆಯ ದಿನ, ಕರಿ ಎರೆಯುವ ದಿನ ಬೆಳಿಗ್ಗೆ, ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಮನೆಯ ಮುಂದಿನ ಬಾಗಿಲು ತೆರೆದಿತ್ತು. ಯಾರನ್ನೂ ಕೂಗದೆ ನೇರ ಹಿತ್ತಲಿಗೆ ನಡೆದೆ.

ನಾಲ್ಕು ಗಿಡಗಳನ್ನು ಸೌದೆಗೆ ಕಡಿದಿದ್ದರು. ಕಲ್ಲಿನ ಹತ್ತಿರದ್ದು ಇತ್ತು. ಮೇಲೆ ನಾವು ಸಾಕಿದ ರೆಂಬೆ ಒಣಗಿ ಕಪ್ಪಾಗಿ ನಿಂತಿತ್ತು. ಅದನ್ನು ಸುತ್ತುಗಟ್ಟಿ ಬುಡದಿಂದ ಎದ್ದ ಜವಾರಿ ರೆಂಬೆಗಳು ಮನೆಯ ಎತ್ತರ ಬೆಳೆದಿದ್ದವು. ಬಬಲೇಶ್ವರದ ಆ ಬೀಜವೇ ತಿರುಗಿ ಎದ್ದಿತ್ತು. ಎಲೆಯೊಂದಕ್ಕೆ ಹಣ್ಣೊಂದರಂತೆ ಮೈತುಂಬ ಬಿಟ್ಟಿತ್ತು, ಎಲ್ಲವೂ ಹೆಬ್ಬೆರಳಿನ ಉಗುರಿನಷ್ಟು.

ಗಿಡದ ಕೆಳಗೆ ಈಗಿನ ಮನೆಯಾಕೆ, ಹರೆಯದ ಹುಡುಗಿ, ಟೊಂಕದ ಮೇಲೆ ಕೂಸನ್ನು ಕೂಡಿಸಿಕೊಂಡು ಹಣ್ಣು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ಕೂಸಿಗೆ ಹೊಸ ಅಂಗಿ, ಎರಡು ವರ್ಷವಿದ್ದೀತು.

"ಯಾರ್ ಬೇಕಾಗಿತ್ರಿ?"

"ಮೊದಲ ಇದ ಮನ್ಯಾಗ ಇದ್ದೆವಾ. ಆ ಹಣ್ಣು ಕರಿಗೇನು?"

"ಹೌದ್ರಿ. ಕೂಸಿಗೆ ಈಗ ಎರಿಯೋದೈತಿ."

"ಸಣ್ಣವು ಬ್ಯಾಡವಾ. ದೊಡ್ಡ ಹಣ್ಣು ತರಸು."

"ಯಾಕ್ರಿ?"

ಬಾಯಿ ತೆರೆದೆ. ಹೊಸ ಅಂಗಿ ತೊಟ್ಟ ಕೂಸು ನನ್ನನ್ನೇ ನೋಡುತ್ತಿತ್ತು. ಹಬ್ಬದ ದಿನ, ಇನ್ನೊಂದು ಗಳಿಗೆಗೆ ಕರಿ ಎರೆಯುವ ತಾಯಿಯ ಮುಂದೆ, ಇದೇ ವಯಸ್ಸಿನ ಒಂದು ಕೂಸು ಎಂದು ಹೇಗೆ ಶುರು ಮಾಡಲಿ? ಕಂಪೌಂಡರು ಯಾರಿಗೂ, ಒಬ್ಬರಿಗೂ, ಯಾಕೆ ಹೇಳಿರಲಿಲ್ಲ ಎಂಬುದು ನನಗೆ ಅಲ್ಲಿ ನಿಂತು ತಿಳಿಯಿತು. ಬುಟ್ಟಿಗೆ ಕೈ ಹಾಕಿ ಹಣ್ಣನ್ನು ಬೊಗಸೆ ಬೊಗಸೆಯಾಗಿ ನನ್ನ ಸೆರಗಿಗೆ ತುಂಬಿಕೊಳ್ಳತೊಡಗಿದೆ.

"ಏ! ಏನ್ ಮಾಡಾಕತ್ತಿ ಬೇ?" ಹುಡುಗಿ ಬುಟ್ಟಿ ಎಳೆದಳು. "ಕೂಸಿನ ತಲಿಮ್ಯಾಲ ಎರಿಯೂದಕ್ಕ ಕೈ ಹಾಕ್ತೀಯಲ್ಲ, ಮಕ್ಕಳ ತಾಯಿ ಹೌದೋ ಅಲ್ಲೋ ನೀ?"

"ಖರೆ ಐತವಾ," ಎಂದೆ.

ಕೂಸಿನ ಮುಷ್ಟಿಯಲ್ಲಿ ಒಂದು ಹಣ್ಣಿತ್ತು. ಬಾಯಿಯ ಹತ್ತಿರ ಒಯ್ಯುತ್ತಿತ್ತು. ಕೈ ಹಿಡಿದು ಬೆರಳು ಬಿಡಿಸಿ ಅದನ್ನೂ ಕಸಿದುಕೊಂಡೆ. ಕೂಸು ಕಿಟಾರನೆ ಕಿರುಚಿತು. ಕೆಂಪು ಗಂಟಲು ಕಿರುನಾಲಿಗೆಯ ತನಕ ಕಂಡಿತು. ಹುಡುಗಿ ನನ್ನನ್ನು ಬೈಯುತ್ತ ಅದರ ಬಾಯಿಗೆ ಅಂಗೈ ತಂದಳು.

ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಅಳ್ಳಿ ಬಿಡವಾ," ಎಂದೆ. "ಅಳ್ಳಿ."